ಗಂಟೆ ಬಾರದ ಸುತ್ತು

ಆ ಬಾಕ್ಸಿಂಗ್ ಶಾಲೆಯಲ್ಲಿ ಎಲ್ಲರೂ ಅವಳನ್ನು ಗಂಟೆ ಅಕ್ಕ ಎನ್ನುತ್ತಿದ್ದರು. ಹಗಲು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ. ಸಂಜೆ ರಿಂಗಿನ ಪಕ್ಕದ ಮೇಜು, ಒಂದು ಲ್ಯಾಪ್‌ಟಾಪ್. ಸುತ್ತಿನ ಗಡಿಯಾರ ಅವಳದೇ ಕೈಕೆಲಸ. ಬ್ರೌಸರ್ ಪರದೆಯನ್ನು ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ ಬಿಡಿಸುತ್ತದೆ. ಬಿಡಿಸುವ ಮುನ್ನ ಪ್ರತಿ ಸಲವೂ ಅವಳ ಪ್ರೋಗ್ರಾಮನ್ನು ಕರೆಯುತ್ತದೆ. ಅವಳು ಆ ಕರೆಗಳನ್ನು ಎಣಿಸಿದಳು. ಅರವತ್ತಾದರೆ ಒಂದು ಸೆಕೆಂಡ್, ಹತ್ತು ಸಾವಿರದ ಎಂಟುನೂರಾದರೆ ಮೂರು ನಿಮಿಷ. ಆಗ ಸ್ಪೀಕರಿನಲ್ಲಿ ಗಂಟೆ. ಗಂಟೆಯಾಗದೆ ಯಾರೂ ಹಗ್ಗ ದಾಟಬಾರದು, ಇದು ಕೋಚ್ ಹಾಕಿದ ಕಟ್ಟಳೆ.

ಆ ಸಂಜೆ ತಂಡದ ಆಯ್ಕೆ. ರಿಂಗಿನಲ್ಲಿ ಅವಳ ತಮ್ಮ. ಎಡಗಣ್ಣಿನ ಆಪರೇಷನ್ ಆಗಿ ವರ್ಷವಾಗಿತ್ತಷ್ಟೆ. ಇನ್ನೊಂದು ದೊಡ್ಡ ಪೆಟ್ಟು ಬಿದ್ದರೆ ಕಣ್ಣು ಹೋಗುತ್ತದೆ ಎಂದಿದ್ದರು ಡಾಕ್ಟರು.

"ಒಂದೇ ಸುತ್ತು ಅಕ್ಕಾ. ಮೂರು ನಿಮಿಷ ಮುಖ ಮುಚ್ಕೊಂಡು ನಿಂತ್ರೆ ಮುಗೀತು."

"ನಿನ್ನ ಮುಖ ಮುಚ್ಚಿದ್ರೇ ಚಂದ, ಹೋಗು," ಎಂದು ರಿಂಗಿಗೆ ಕಳಿಸಿದ್ದಳು.

ಎದುರಾಳಿಯನ್ನು ಬುಲ್ಡೋಜರ್ ಎನ್ನುತ್ತಿದ್ದರು. ಮೊದಲ ನಿಮಿಷದಲ್ಲೇ ಅವನು ತಮ್ಮನ ತುಟಿ ಸೀಳಿದ. ಎರಡನೆಯ ನಿಮಿಷದಲ್ಲಿ ಪಕ್ಕೆಗೆ ಗುದ್ದಿದ ಸದ್ದು ಮೇಜಿನವರೆಗೂ ಕೇಳಿಸಿತು. ಎರಡು ನಿಮಿಷ ದಾಟಿದಾಗ ಕೋಚ್ ಬಂದು ಲ್ಯಾಪ್‌ಟಾಪ್ ಮೇಲೆ ಬಗ್ಗಿದ.

"ಮುಂದಿನ ಜೋಡಿ ಯಾರು ತೋರ್ಸಮ್ಮ. ಅದ್ರಲ್ಲಿ ಮೊದಲ್ನೇ ಹೆಸರು ತೆಗಿ, ಆ ಕುಳ್ಳನ್ನ ಹಾಕು."

ಅವಳು ಇನ್ನೊಂದು ಟ್ಯಾಬ್ ತೆರೆದು ಪಟ್ಟಿ ತಿದ್ದಿದಳು. ಕಣ್ಣಿಗೆ ಕಾಣದ ಟ್ಯಾಬನ್ನು ಬ್ರೌಸರ್ ಬಿಡಿಸುವುದಿಲ್ಲ. ಬಿಡಿಸದಿದ್ದರೆ ಕರೆಯುವುದೂ ಇಲ್ಲ. ಎಣಿಕೆ ಅಲ್ಲೇ ನಿಂತಿತು. ತಿದ್ದಿ ಗಡಿಯಾರಕ್ಕೆ ಮರಳಿದಾಗ ನಲವತ್ತೊಂದು ಸೆಕೆಂಡ್ ಉಳಿದಿತ್ತು.

ತಮ್ಮ ಹಗ್ಗಕ್ಕೆ ಒರಗಿ, ಕೈ ಇಳಿಸಿ, ಗಂಟೆಗಾಗಿ ಅವಳತ್ತ ನೋಡುತ್ತಿದ್ದ. ಮೂಗಿನಿಂದ ರಕ್ತ ಎದೆಗೆ ಇಳಿದಿತ್ತು.

"ತಡ್ಕೋ ಕಣೋ! ನಲವತ್ತೇ ಸೆಕೆಂಡ್!"

ಅವನು ಅಕ್ಕನ ಮಾತು ನಂಬಿ ಮತ್ತೆ ಕೈ ಎತ್ತಿದ. ಬುಲ್ಡೋಜರ್ ಆ ಕೈಗಳನ್ನೇ ಬಡಿದು ಕೆಳಗಿಳಿಸಿದ. ಬಲಗೈ ದವಡೆಗೆ, ಎಡಗೈ ಕಿವಿಗೆ, ಮತ್ತೆ ಬಲಗೈ ನೇರ ಎಡಗಣ್ಣಿಗೆ. ಮಂಡಿ ಕುಸಿದರೂ ಹಗ್ಗಕ್ಕೆ ತೋಳು ಸಿಕ್ಕಿ ಅವನು ಬೀಳಲಿಲ್ಲ. ಬೀಳದವನಿಗೆ ಹೊಡೆತ ನಿಲ್ಲಲಿಲ್ಲ. ಹನ್ನೆರಡು ಸೆಕೆಂಡ್ ಉಳಿದಿರುವಾಗ ಅವಳು ಹಗ್ಗದೊಳಗೆ ನುಗ್ಗಿದಳು. ತಮ್ಮನಿಗೆ ಬರುತ್ತಿದ್ದ ಗುದ್ದು ಅವಳ ಭುಜದ ಮೂಳೆ ಮುರಿಯಿತು.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ನೋಡಿದ ಮೇಲೆ ಅವಳಿಗೆ ಲೆಕ್ಕ ಸಿಕ್ಕಿತು: ಅವಳು ನುಗ್ಗುವ ಹೊತ್ತಿಗೆ ಮೂರು ನಿಮಿಷ ಐವತ್ತೆಂಟು ಸೆಕೆಂಡ್ ಆಗಿತ್ತು. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು, ಆಸ್ಪತ್ರೆಯ ಬೆಂಚಿನಲ್ಲಿ ಒಂದೇ ಕೈಯಲ್ಲಿ ಪ್ರೋಗ್ರಾಂ ತಿದ್ದಿದಳು. ಎಣಿಸುವುದನ್ನು ಅಳಿಸಿ, ಸುತ್ತು ಶುರುವಾದ ಕ್ಷಣವನ್ನು ಈಗಿನ ಕ್ಷಣದಿಂದ ಕಳೆಯುವಂತೆ ಬರೆದಳು. ಗಂಟೆಯನ್ನು ಪರದೆಯಿಂದ ಬೇರ್ಪಡಿಸಿ, ಟ್ಯಾಬ್ ಮರೆಯಾದರೂ ನಿಲ್ಲದ ಬೇರೆಯದೇ ಟೈಮರಿಗೆ ಕೊಟ್ಟಳು. ಆಮೇಲೆ ವಾರ್ಡಿಗೆ ಹೋದಳು.

"ಗಡಿಯಾರ ನಿಂತಿತ್ತು ಕಣೋ. ತಪ್ಪು ನಂದು. ಆ ಕಣ್ಣು ಇನ್ನು ಬರಲ್ವಂತೆ."

ತಮ್ಮ ಕಣ್ಣಿನ ಮೇಲಿನ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

"ಒಟ್ಟು ಎಷ್ಟಾಗಿತ್ತು?"

"ನಾಲ್ಕಕ್ಕೆ ಎರಡು ಸೆಕೆಂಡ್ ಕಮ್ಮಿ."

"ನಾಲ್ಕು ನಿಮಿಷ ನಿಂತಿದ್ನಾ, ಅವನ ಮುಂದೆ?" ಊದಿದ ತುಟಿಯಲ್ಲಿ ನಗಲು ಹೋಗಿ ನರಳಿದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. "ಈಗ ಹೋಗಕ್ಕಾ. ನಾಳೆ ಬಾ."