ಘಟ್ಟ ಹತ್ತಿ ಬಂದ ಬಂಗುಡೆ

ಕುಶಾಲನಗರದ ಕಡೆಗೆ ಬಂದ ಮೊದಲ ದಿನವೇ ನನ್ನ ಬಾಯಿಗೆ ಮಣ್ಣು ಬಿತ್ತು. ನುಡಿಗಟ್ಟಿನ ಮಾತಲ್ಲ, ನಿಜವಾಗಿಯೂ ಬಿತ್ತು. ಮೀನು ಸಂಸ್ಕರಣೆಯ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದ ಮಧ್ಯಾಹ್ನ ಅಲ್ಲಿಯ ಅಡುಗೆಯವರು ಕೆರೆಯ ಕಾಟ್ಲಾ ಮೀನಿನ ಸಾರು ಬಡಿಸಿದರು. ಗಂಗೊಳ್ಳಿಯಲ್ಲಿ ದೋಣಿಗಳು ಬಂದು ನಿಲ್ಲುವ ದಕ್ಕೆಯ ಪಕ್ಕದಲ್ಲಿ ಹುಟ್ಟಿ, ಉಪ್ಪುನೀರಿನ ಮೀನು ತಿಂದೇ ಹಲ್ಲು ಬಂದವಳು ನಾನು. ಮೊದಲ ತುತ್ತಿಗೇ ಗಾಬರಿಯಾಯಿತು. ಉತ್ತ ಗದ್ದೆಯನ್ನೇ ಬಾಯಿಗೆ ಹಾಕಿಕೊಂಡ ಹಾಗಿತ್ತು. ಉಗುಳಲೂ ಆಗದೆ ನುಂಗಲೂ ಆಗದೆ ಕೂತಿದ್ದ ನನ್ನನ್ನು ನೋಡಿ ನಮ್ಮ ಹಿರಿಯ ವಿಜ್ಞಾನಿ ನಕ್ಕರು.

"ಆ ವಾಸನೆ ಹೋಗಿಸ್ಲಿಕ್ಕೇ ನಿಮ್ಮನ್ನ ಕರೆಸಿರೋದು."

ಕಡಲ ತೀರದವರು ನಂಬುತ್ತಾರೋ ಇಲ್ಲವೋ, ಇಲ್ಲಿ ಮೀನಿನ ಮೊದಲ ಶತ್ರು ಕೊಳೆಯುವುದಲ್ಲ, ಮಣ್ಣಿನ ವಾಸನೆ. ನಿಂತ ನೀರಿನ ಪಾಚಿಯಿಂದ ಹುಟ್ಟುವ ಆ ವಾಸನೆ ಮೀನಿನ ಕೊಬ್ಬಿನೊಳಗೆ ಸೇರಿಕೊಳ್ಳುತ್ತದೆ. ಹಿಡಿದ ಮೀನನ್ನು ಕೆಲವು ದಿನ ಮೇವು ಹಾಕದೆ, ಹರಿಯುವ ಶುದ್ಧ ನೀರಿನ ತೊಟ್ಟಿಯಲ್ಲಿ ಬಿಟ್ಟರೆ ನಿಧಾನವಾಗಿ ಬಿಟ್ಟುಹೋಗುತ್ತದೆ. ಮೀನಿಗೂ ಉಪವಾಸ, ಸ್ನಾನ. ಎಷ್ಟು ದಿನ, ಯಾವ ನೀರು, ಆಮೇಲೆ ಆ ಮೀನಿನಿಂದ ಉಪ್ಪಿನಕಾಯಿ, ಉಂಡೆ ಏನೇನು ಮಾಡಬಹುದು ಎನ್ನುವುದೇ ನನ್ನ ಸಂಶೋಧನೆ.

ಮನೆ ಹುಡುಕುವಾಗ ಇನ್ನೊಂದು ಪೆಟ್ಟು. "ಏನು ಕೆಲಸ?" ಎಂದು ಕೇಳುತ್ತಿದ್ದರು. "ಮೀನಿಂದು" ಎಂದ ಕೂಡಲೇ ಖಾಲಿ ಇದ್ದ ಮನೆಗೆ ಯಾರೋ ನೆಂಟರು ಬರುವವರಿರುತ್ತಿದ್ದರು. ನಮ್ಮೂರಲ್ಲಿ ಮೀನಿನ ಕೆಲಸ ಎಂದರೆ ಗೌರವ, ಇಲ್ಲಿ ಗೋಡೆಗೆ ಹತ್ತುವ ವಾಸನೆ. ಕೊನೆಗೆ ಶಿರಂಗಾಲದಲ್ಲಿ ಗೌರಮ್ಮ ಸಿಕ್ಕರು. ಅವರ ಮಾವನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಮನೆತನ.

"ಮೀನು ಮಾರ್ತೀಯೇನವ್ವ?"

"ಇಲ್ಲಮ್ಮ, ಪರೀಕ್ಷೆ ಮಾಡ್ತೇನೆ."

"ಅಯ್ಯೋ ಶಿವನೇ, ಮೀನಿಗೂ ಪರೀಕ್ಷೆ ಬಂತಾ! ಪಾಸಾಗಿದ್ದು ನಮ್ಮನೆಗೂ ಒಂದು ತತ್ತಾ ಇರು," ಎಂದು ಬೀಗದ ಕೈ ಕೊಟ್ಟೇಬಿಟ್ಟರು.

ಆ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಾನು ಈ ನೆಲವನ್ನು ಕಲಿತೆ. ಕುಚ್ಚಲಕ್ಕಿ ಗಂಜಿಯ ಬದಲು ರಾಗಿಮುದ್ದೆ. ಅದನ್ನು ಅಗಿಯಬಾರದು, ನುಂಗಬೇಕು ಎಂದು ಗೌರಮ್ಮನ ಸೊಸೆ ರೂಪ ಹೇಳಿಕೊಟ್ಟಳು. ನಾನು "ಏನು" ಎನ್ನುವ ಬದಲು "ಎಂತ" ಎಂದಾಗಲೆಲ್ಲ ಅವಳಿಗೆ ನಗು. ಒಂದು ಭಾನುವಾರ ಇಬ್ಬರೂ ಕಾವೇರಿ ದಡದ ದೇವಸ್ಥಾನಕ್ಕೆ ಹೋದೆವು. ಮೆಟ್ಟಿಲ ಬುಡದಲ್ಲಿ ಮಗುವಿನುದ್ದದ ಮೀನುಗಳು ಜನ ಎಸೆದ ಪುರಿಗೆ ಬಾಯಿ ತೆರೆಯುತ್ತಿದ್ದವು. "ಇದರ ರುಚಿ ಹೇಗಿರ್ತದೆ?" ಎಂದುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜ ಎರಡೂ ಕಿವಿ ಮುಚ್ಚಿಕೊಂಡರು. ನಾವು ಕಡಲಿಗೆ ಹಾಲೆರೆದು ಅದರ ಮೀನನ್ನು ತಿನ್ನುತ್ತೇವೆ. ಇಲ್ಲಿ ಹೊಳೆಯೂ ದೇವರು, ಆ ಮೆಟ್ಟಿಲ ಬಳಿಯ ಮೀನೂ ದೇವರು. ರೂಪ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು, ದಾರಿಯುದ್ದಕ್ಕೂ ನಗುತ್ತ.

ಹಗಲು ಹೇಗೋ ಕಳೆಯುತ್ತಿತ್ತು. ಸಂಜೆಗಳು ಕಷ್ಟ. ಅಲೆಯ ಸದ್ದಿಲ್ಲದ ಊರಿನಲ್ಲಿ ನನ್ನ ಕಿವಿ ಏನನ್ನೋ ಹುಡುಕುತ್ತಲೇ ಇರುತ್ತಿತ್ತು. ಅಂಥ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಬಾಲಣ್ಣನ ಸ್ಕೂಟರಿನ ಹಾರ್ನು. ನೆಲ್ಯಹುದಿಕೇರಿಯ ಬಾಲಣ್ಣ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಬೆಳೆದವರು. ಕಾಫಿ ಹಣ್ಣು ಕೀಳುವ ಪಿಕಿಂಗ್ ಕೆಲಸ ಬಿಟ್ಟು ಮೀನಿನ ವ್ಯಾಪಾರಕ್ಕೆ ಇಳಿದಿದ್ದರು. ಕರಾವಳಿಯಿಂದ ಲಾರಿಯಲ್ಲಿ ಬರುವ ಪೆಟ್ಟಿಗೆಗಳನ್ನು ತೆಗೆದುಕೊಂಡು ಊರೂರು ತಿರುಗುತ್ತಿದ್ದರು. ನಮ್ಮ ಬೂತಾಯಿ ಅವರ ಮನೆಮಾತು ಮಲಯಾಳದಲ್ಲಿ ಮತ್ತಿ, ನಮ್ಮ ಬಂಗುಡೆ ಅಯಿಲ. ಹೆಸರು ಯಾವುದಾದರೇನು, ಘಟ್ಟ ಹತ್ತಿ ಬಂದ ಆ ಬಂಗುಡೆಯನ್ನು ಕಂಡರೆ ತವರಿನವರನ್ನೇ ಕಂಡಷ್ಟು ಸಂತೋಷ. ಗೌರಮ್ಮನ ಮನೆಗೆ ಸಮುದ್ರದ ಮೀನಿನ ರುಚಿ ಹಚ್ಚಿದವಳೂ ನಾನೇ. ರೂಪ ಬಸುರಿಯಾದ ಮೇಲಂತೂ ಅವಳಿಗೆ ಅದೇ ಬಯಕೆ. ನಾನು ನಮ್ಮಮ್ಮನ ಹಾಗೆ ಮೆಣಸು, ಹುಣಸೆ ಅರೆದು ಹುಳಿಖಾರದ ಪುಳಿಮುಂಚಿ ಮಾಡಿ ಬಟ್ಟಲಲ್ಲಿ ಕೊಟ್ಟರೆ, ಬೆರಳು ಚೀಪುತ್ತ ತಿನ್ನುತ್ತಿದ್ದಳು.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ನಮ್ಮ ಕೇಂದ್ರದಲ್ಲಿ ಊರ ಹೆಂಗಸರಿಗೆ ತರಬೇತಿ ಇಟ್ಟುಕೊಂಡೆವು. ಕೆರೆ ಮೀನಿನ ಉಪ್ಪಿನಕಾಯಿ ಮಾಡುವುದು, ಒಳ್ಳೆಯ ಮೀನನ್ನು ಗುರುತಿಸುವುದು. ಗೌರಮ್ಮನೂ ಬಂದಿದ್ದರು, ಮುಂದಿನ ಸಾಲಿನಲ್ಲೇ. ಮೀನು ಕೆಡದಂತೆ ಕೆಲವರು ಫಾರ್ಮಲಿನ್ ಬೆರೆಸುತ್ತಾರೆ. ಸತ್ತ ದೇಹವನ್ನು ಕೆಡದಂತೆ ಇಡುವ ವಿಷ ಅದು. ಅದನ್ನು ಪತ್ತೆ ಮಾಡಲು ಒಂದು ಕಾಗದದ ಪಟ್ಟಿಯಿದೆ. ಮೀನಿನ ಮೈಗೆ ಒರೆಸಿ, ಮೇಲೆ ಒಂದು ಹನಿ ದ್ರಾವಣ ಬಿಟ್ಟರೆ, ವಿಷವಿದ್ದಾಗ ನೀಲಿಯಾಗುತ್ತದೆ. ಅದನ್ನು ತೋರಿಸಲು ನಾನು ಬೆಳಿಗ್ಗೆ ಬಾಲಣ್ಣನ ಹತ್ತಿರ ತಾಜಾ ಬಂಗುಡೆ ಕೊಂಡು ತಂದಿದ್ದೆ, ಒಳ್ಳೆಯ ಮೀನಿನ ಮಾದರಿ ಎಂದು.

"ನೋಡಿ, ಇದು ನಮ್ಮೂರ ಕಡೆಯ ಮೀನು. ಬಣ್ಣ ಬದಲಾಗೋದಿಲ್ಲ," ಎಂದು ಹೆಮ್ಮೆಯಿಂದಲೇ ಒರೆಸಿ ಹನಿ ಬಿಟ್ಟೆ.

ಪಟ್ಟಿ ನನ್ನ ಕಣ್ಣೆದುರಿಗೇ ನೀಲಿಯಾಯಿತು.

ಕೈ ತಪ್ಪಿರಬೇಕೆಂದು ಇನ್ನೊಂದು ಪಟ್ಟಿ ತೆಗೆದೆ. ಇನ್ನೊಂದು ಮೀನು. ಮತ್ತೆ ನೀಲಿ. ಹಿಂದಿನ ಸಾಲಿನ ಹೆಂಗಸೊಬ್ಬಳು ಕುತ್ತಿಗೆ ಚಾಚಿ ಕೇಳಿದಳು, "ನೀಲಿ ಆಯ್ತಲ್ಲ ಮೇಡಂ, ಹಂಗಾದ್ರೆ ಒಳ್ಳೇದಾ?"

ಸುಳ್ಳು ಹೇಳಲು ಒಂದು ಕ್ಷಣದ ಸಮಯವಿತ್ತು. ಪಟ್ಟಿ ಹಳತಾಗಿದೆ ಎನ್ನಬಹುದಿತ್ತು. ಆದರೆ ಗೌರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ," ಎಂದೆ. "ಇದರಲ್ಲಿ ವಿಷ ಇರೋ ಹಾಗೆ ಕಾಣ್ತದೆ. ದೊಡ್ಡ ಪ್ರಯೋಗಾಲಯದಲ್ಲಿ ನೋಡಿಸಬೇಕು. ಅಲ್ಲಿತನಕ ಯಾರೂ ತಿನ್ನಬೇಡಿ."

ಗೌರಮ್ಮ ಎದ್ದು ನಿಂತರು. "ನಮ್ ರೂಪ..." ಎಂದರು. ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲು ದಾಟಿ ಹೋದರು. ನಾನು ಕೈಯಲ್ಲಿ ಆ ನೀಲಿ ಪಟ್ಟಿ ಹಿಡಿದು ನಿಂತೇ ಇದ್ದೆ. ಬಯಕೆಯ ಹೆಸರಿನಲ್ಲಿ ಆ ಹುಡುಗಿಗೆ ಎಷ್ಟು ಬಟ್ಟಲು ಕೊಟ್ಟಿದ್ದೆ! ಆ ಮೀನಿಗೆ ವಾಸನೆಯೇ ಇಲ್ಲ, ಎಷ್ಟು ತಾಜಾ ಎಂದು ಹಿಗ್ಗಿದ್ದೆ. ಬಾಲಣ್ಣನ ಪೆಟ್ಟಿಗೆಯ ಮೇಲೆ ನೊಣ ಕೂರದಿರುವುದನ್ನೂ ಕಂಡಿದ್ದೆ, ಅದು ಫಾರ್ಮಲಿನ್ನಿನ ಗುರುತೆಂದು ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಲಣ್ಣ ಬಂದಾಗ ಅವರ ಎದುರಿಗೇ ಪೆಟ್ಟಿಗೆಯ ಮೀನಿಗೆ ಪಟ್ಟಿ ಒರೆಸಿದೆ. ಬಣ್ಣ ಏರುವುದನ್ನು ನೋಡುತ್ತ ಅವರು ಹೆಲ್ಮೆಟ್ ತೆಗೆದರು.

"ನಾನ್ ಏನೂ ಹಾಕ್ಲಿಲ್ಲ ಮೇಡಂ. ದೇವರಾಣೆ. ಪೆಟ್ಟಿಗೆ ಬರ್ತದೆ, ನಾನ್ ಐಸ್ ಹಾಕ್ತೇನೆ, ಮಾರ್ತೇನೆ."

"ಗೊತ್ತು ಬಾಲಣ್ಣ. ನೀವು ಹಾಕಿದ್ದೀರಿ ಅಂತ ನಾನು ಹೇಳ್ತಾ ಇಲ್ಲ."

"ಮೊಮ್ಮಗಳಿಗೆ ಮುಳ್ಳು ಬಿಡಿಸಿ ತಿನ್ನಿಸೋದು ಇದನ್ನೇ ಅಲ್ವಾ!" ಅವರು ಪೆಟ್ಟಿಗೆಯ ಮುಚ್ಚಳ ಎಳೆದು ಮುಚ್ಚಿದರು. "ಅಯ್ಯೋ, ಎಂಡೆ ಭಗವಾನೇ!"

ಪರೀಕ್ಷೆಗೆ ಬೇಕಾದ ಮೀನನ್ನು ನನಗೆ ಕೊಟ್ಟು, ಉಳಿದದ್ದನ್ನು ಕೇಂದ್ರದ ಹಿಂದೆ ಗುಂಡಿ ತೋಡಿ, ಸುಣ್ಣ ಹಾಕಿ ತಾವೇ ಮುಚ್ಚಿದರು. ದೊಡ್ಡ ಪ್ರಯೋಗಾಲಯದ ಉತ್ತರವೂ ಅದೇ ಬಂತು. ಆಹಾರ ಸುರಕ್ಷತೆಯ ಅಧಿಕಾರಿಗಳಿಗೆ ತಿಳಿಸಿದೆವು. ಅವರು ಲಾರಿ ತಡೆದರು, ಮಾದರಿ ತೆಗೆದರು. ದೋಣಿಯಲ್ಲೋ, ಐಸಿನಲ್ಲೋ, ದಾರಿಯ ಯಾವ ಗೋದಾಮಿನಲ್ಲೋ, ವಿಷ ಎಲ್ಲಿ ಸೇರಿತೆಂದು ಇವತ್ತಿಗೂ ಗೊತ್ತಾಗಿಲ್ಲ. ದೋಣಿಯಿಂದ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಆ ಮೀನು ದಾಟುವ ಕೈಗಳು ಒಂದೆರಡಲ್ಲ.

ಆದರೆ ಸುದ್ದಿಗೆ ವಿಳಾಸ ಬೇಕಾಗಲಿಲ್ಲ. "ಕರಾವಳಿಯ ಮೀನಿನಲ್ಲಿ ವಿಷ" ಎಂದು ಮೊಬೈಲಿನಿಂದ ಮೊಬೈಲಿಗೆ ಹಾರಿ ಗಂಗೊಳ್ಳಿ ತಲುಪಿತು. ಅಮ್ಮ ಫೋನು ಮಾಡಿದಳು. ನನ್ನನ್ನು ಓದಿಸಿದ್ದು ಅವಳು ತಲೆಯ ಮೇಲೆ ಹೊತ್ತ ಮೀನಿನ ಬುಟ್ಟಿ.

"ಎಂತಾ ಹೆಣ್ಣೇ, ನೀ ಮಾಡದ್ದ್? ಪ್ಯಾಟಿ ಖಾಲಿ. ನಾ ಕೈಯಾರೆ ಆರ್ಸಿ ತಕಂಬ ಮೀನಿಗೂ ಜನ ಮೂಗ್ ಮುಚ್ಚತ್ರ್."

"ನಿನ್ನ ಮೀನಲ್ಲಮ್ಮ..."

"ಅದನ್ ಅವ್ರಿಗೆ ಹೇಳುದ್ ಯಾರ್?"

ಕಣ್ಣಾರೆ ಕಂಡದ್ದನ್ನು ನುಂಗಿಕೊಳ್ಳಲು ನನಗೆ ಆಗಲಿಲ್ಲ, ಅಷ್ಟೇ.

ಇತ್ತ ಮನೆಯಲ್ಲಿ ಗೌರಮ್ಮ ನನ್ನೊಡನೆ ಮಾತು ಬಿಟ್ಟರು. ಬಾಗಿಲು ಹಾಕಲಿಲ್ಲ, ಬೈಯಲಿಲ್ಲ, ಮನೆ ಬಿಡು ಎನ್ನಲಿಲ್ಲ. ಎದುರು ಸಿಕ್ಕರೆ ಬೇರೆ ಕಡೆ ನೋಡುತ್ತಿದ್ದರು. ರೂಪಳನ್ನು ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದರು. "ಸ್ಕ್ಯಾನಿಂಗಲ್ಲಿ ಎಲ್ಲ ಸರಿ ಇದೆ. ಅದಕ್ಕಿಂತ ಹೆಚ್ಚು ಈಗ ಹೇಳಕ್ಕಾಗಲ್ಲ" ಎಂದರಂತೆ ಡಾಕ್ಟರು. ಅದನ್ನೂ ನನಗೆ ಹೇಳಿದ್ದು ರೂಪಳೇ, ಬಟ್ಟೆ ಒಣಗಿಸುವ ನೆಪದಲ್ಲಿ ಹಿತ್ತಿಲಿಗೆ ಬಂದು. "ನೀವು ಅಳಬೇಡಿ ಅಕ್ಕ. ನೀವೂ ನಮ್ ಜೊತೆಗೇ ತಿಂದ್ರಲ್ಲ."

ಮಳೆ ಹಿಡಿಯಿತು. ಬಾಲಣ್ಣ ಕೆಲಕಾಲ ಮತ್ತೆ ಎಸ್ಟೇಟಿನ ಕೂಲಿಗೆ ಹೋದರು. ಆಮೇಲೆ ಒಂದು ದಿನ ನಮ್ಮ ತೊಟ್ಟಿಯ ಮುಂದೆ ಬಂದು ನಿಂತು, ಉಪವಾಸವಿದ್ದ ಕಾಟ್ಲಾಗಳನ್ನು ನೋಡುತ್ತ, "ಇದನ್ನ ಮಾರಿದ್ರೆ ಜನ ತಗೊಳ್ತಾರಾ ಮೇಡಂ?" ಎಂದು ಕೇಳಿದರು. ನಾವು ಬೇಯಿಸಿ ಕೊಟ್ಟೆವು. ಬಹಳ ಹೊತ್ತು ಅಗಿದರು. "ಮಣ್ಣಿಲ್ಲ," ಎಂದರು. "ಆದ್ರೆ ಸಮುದ್ರವೂ ಇಲ್ಲ." ಆದರೂ ಆ ವಾರದಿಂದಲೇ ಜೀವಂತ ಕಾಟ್ಲಾ ಮಾರತೊಡಗಿದರು.

ರೂಪಳಿಗೆ ಹೆರಿಗೆಯಾಯಿತು, ಹೆಣ್ಣುಮಗು. ಆಸ್ಪತ್ರೆಯಿಂದ ಬಂದ ದಿನ ನಾನು ನನ್ನ ಕೋಣೆಯಿಂದ ಹೊರಗೆ ಬರುವ ಧೈರ್ಯ ಮಾಡಲಿಲ್ಲ. ಗೌರಮ್ಮನೇ ಬಾಗಿಲಿಗೆ ಬಂದರು.

"ಒಳಗೇ ಕುಂತಿದ್ರೆ ಕೂಸು ತಾನಾಗೇ ಎದ್ದು ಬತ್ತದಾ? ಬಾ."

ಮಗುವನ್ನು ನನ್ನ ಮಡಿಲಿಗೆ ಹಾಕಿದರು. ಬೆಚ್ಚಗಿತ್ತು, ಕೆಂಪಗಿತ್ತು, ಮುಷ್ಟಿ ಬಿಗಿದಿತ್ತು. ಯಾರೂ ನೋಡುತ್ತಿಲ್ಲ ಎಂದುಕೊಂಡು ಮೆಲ್ಲಗೆ ಮುಷ್ಟಿ ಬಿಡಿಸಿ ಬೆರಳುಗಳನ್ನು ಎಣಿಸಿದೆ. ತಲೆಯೆತ್ತಿದರೆ ಗೌರಮ್ಮ ನೋಡುತ್ತಿದ್ದರು.

"ನಾನೂ ಎಣಿಸ್ದೆ ಕಣವ್ವ," ಎಂದರು.

ಇಬ್ಬರೂ ಅತ್ತೆವು. ಮಗು ಮಾತ್ರ ನಿದ್ದೆ ಮಾಡುತ್ತಿತ್ತು.

ಮೊನ್ನೆ ರಜೆಗೆ ಗಂಗೊಳ್ಳಿಗೆ ಹೋಗಿದ್ದೆ. ಮೀನುಪೇಟೆಗೆ ಜನ ಮರಳಿದ್ದಾರೆ. ನಾನು ಒಳಗೆ ಕಾಲಿಟ್ಟಾಗ ಅಮ್ಮನ ಅಕ್ಕಪಕ್ಕದಲ್ಲಿ ಕೂರುವ, ನನ್ನನ್ನು ಎತ್ತಿ ಆಡಿಸಿದ ಹೆಂಗಸರ ಮಾತು ಸಣ್ಣದಾಯಿತು. "ಘಟ್ಟದವ್ಳ್ ಬಂದ್ಲ್," ಎಂದಳು ಒಬ್ಬಳು. ತಮಾಷೆಗೆ ಎನ್ನಲು ನನಗೆ ಇಷ್ಟ, ಆದರೆ ಅವಳು ನಗಲಿಲ್ಲ. ಕುಶಾಲನಗರದಲ್ಲಿ ಇಂದಿಗೂ ನನ್ನನ್ನು ಗುರುತಿಸುವುದು "ಸಮುದ್ರದ ಕಡೆಯೋರು" ಎಂದು.

ಅಮ್ಮ ಬುಟ್ಟಿಯಿಂದ ಒಂದು ದಪ್ಪ ಅಂಜಲ್ ಎತ್ತಿ ನನ್ನ ಕೈಗಿಟ್ಟಳು. ಮಗಳು ಬಂದರೆ ಅವಳು ಎತ್ತಿಡುವ ಮೀನು ಅದು. ನಾನು ಬೇಕೆಂದು ಮಾಡಲಿಲ್ಲ. ನನ್ನ ಹೆಬ್ಬೆರಳು ತಾನಾಗಿ ಅದರ ಕಿವಿರನ್ನು ಎತ್ತಿತು, ಮೂಗು ತಾನಾಗಿ ಬಗ್ಗಿತು.

ಮೂಸಿ ಮುಗಿದ ಮೇಲೆ ನನಗೆ ನಾನು ಮಾಡಿದ್ದು ತಿಳಿಯಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಸುತ್ತಲಿನವರೂ ನೋಡುತ್ತಿದ್ದರು. ಅವಳು ಮೀನನ್ನು ಕಿತ್ತುಕೊಳ್ಳುತ್ತಾಳೆ ಎಂದುಕೊಂಡೆ.

"ಕಾಣ್," ಎಂದಳು. "ಸಮಾ ಕಾಣ್. ಎಲ್ಲರಿಗೂ ಕೇಂಬ ಹಾಂಗ್ ಹೇಳ್."

"ಒಳ್ಳೇ ಮೀನು," ಎಂದೆ. ದನಿ ಏಳಲಿಲ್ಲ.

"ಗಟ್ಟಿ ಹೇಳ್."

"ಒಳ್ಳೇ ಮೀನು!"

ಅವಳು ತಲೆಯಾಡಿಸಿ ಮುಂದಿನ ಗಿರಾಕಿಯ ಕಡೆ ತಿರುಗಿದಳು. ಅಮ್ಮ ಕೊಟ್ಟ ಮೀನನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಹುಟ್ಟಿದ ಊರಿನ ಪೇಟೆಯ ನಡುವೆ, ಪರೀಕ್ಷೆಗೆ ಬಂದ ಅಧಿಕಾರಿಯ ಹಾಗೆ ನಾನು ನಿಂತಿದ್ದೆ.