ಡೋಲಕ್ ಬಾರಿಸುತ್ತಿದ್ದ ಖಾಲಾ

ಅರೆದ ಮೆಹೆಂದಿಗೆ ಎರಡು ಹನಿ ನೀಲಗಿರಿ ಎಣ್ಣೆ. ಮೊನ್ನೆ ತಂಗಿಯ ಮದುವೆಗೆಂದು ಅಮ್ಮಿ ಬಟ್ಟಲಲ್ಲಿ ಕಲಸಿ ನೋಡುತ್ತಿದ್ದಾಗ ಆ ಘಾಟು ಮೂಗಿಗೆ ಹತ್ತಿತು. ಮೆಹೆಂದಿಯನ್ನು ಹೀಗೇ ಕಲಸುತ್ತಿದ್ದ ಪಕ್ಕದ ಮನೆಯ ಖಾಲಾ, ಬೀದಿಗೆಲ್ಲ ಚಿಕ್ಕಮ್ಮ, ನೆನಪಾದರು...

ಭೇರ್ಯದ ಕಡೆಯ ನಮ್ಮ ಊರಿನಲ್ಲಿ ಯಾವ ಮುಸ್ಲಿಂ ಮನೆಯ ಮದುವೆಯಾದರೂ ಮೆಹೆಂದಿಯ ದಿನ ಹೆಂಗಸರ ನಡುವೆ ಡೋಲಕ್ ಹಿಡಿದು ಕೂರುತ್ತಿದ್ದವರು ಅವರೇ. ಬೀಗರನ್ನು ಹಾಡಿನಲ್ಲೇ ಬೈಯುವುದು ನಮ್ಮಲ್ಲಿ ಪದ್ಧತಿ. ಗಂಡಿನ ತಾಯಿಯ ಜಿಪುಣತನ, ಗಂಡಿನ ಮೂಗು, ಯಾವುದನ್ನೂ ಖಾಲಾ ಬಿಡುತ್ತಿರಲಿಲ್ಲ. ಬೈಸಿಕೊಂಡವರೇ ಹೆಚ್ಚು ನಗುತ್ತಿದ್ದರು.

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಹೊರಗಿನ ಒಂದು ಸಂಘಟನೆಯವರು ನಮ್ಮ ಜಮಾತ್ ಕಮಿಟಿಗೆ ಹತ್ತಿರವಾದರು. ಮದುವೆಯಲ್ಲಿ ಹಾಡು ಕೂಡದು ಎಂದು ಕಮಿಟಿ ನಿಯಮ ಮಾಡಿತು. ಅಷ್ಟಕ್ಕೇ ನಿಂತಿದ್ದರೆ ಅದು ಮಸೀದಿಯೊಳಗಿನ ಮಾತು. ಆದರೆ ಕಮಿಟಿಯವರು ಗ್ರಾಮಸಭೆಗೂ ಬಂದರು. ನಮ್ಮ ಮದುವೆಗಳಿಗೆ ಪಂಚಾಯ್ತಿಯ ಸಮುದಾಯ ಭವನ ಕೊಡಬೇಕಾದರೆ, ಹಾಡು ಇರುವುದಿಲ್ಲವೆಂದು ಕಮಿಟಿಯ ಪತ್ರ ಬೇಕು, ಹಾಗೆಂದು ನಿರ್ಣಯ ಮಾಡಿ ಎಂದರು. ರಜೆಗೆ ಊರಿಗೆ ಬಂದಿದ್ದ ನಾನೂ ಅಂದು ಸಭೆಯಲ್ಲಿದ್ದೆ.

"ನಿಮ್ಮೋರೇ ಕೇಳ್ತಾವ್ರೆ. ನಮ್ದೇನೂ ತಕರಾರಿಲ್ಲ ಬುಡಿ," ಎಂದರು ಪಂಚಾಯ್ತಿ ಅಧ್ಯಕ್ಷರು.

ಹಿಂದಿನ ಸಾಲಿನಿಂದ ಖಾಲಾ ಎದ್ದರು. "ನಮ್ಮೋರು ಅಂದ್ರೆ ಬರೀ ಗಂಡಸ್ರಾ ಗೌಡ್ರೇ? ಓಟ್ ಕೇಳಕ್ಕೆ ನನ್ನ ಮನೆ ಬಾಗ್ಲು ತಟ್ಟಿದ್ರಿ. ಆಗ ಕಮಿಟೀನ ಕೇಳ್ಕಂಡು ಬನ್ನಿ ಅಂದ್ನಾ ನಾನು?"

ಕಮಿಟಿಯವರೊಬ್ಬರು ನಕ್ಕರು. "ಈ ವಯಸ್ನಲ್ಲಿ ಹಾಡು ಯಾಕೆ ಖಾಲಾ? ತಸ್ಬಿ ಮಣಿ ಎಣಿಸ್ಕಂಡು ಕೂತ್ಕಳಿ."

"ತಸ್ಬೀನೂ ಎಣಿಸ್ತೀನಿ, ಡೋಲಕ್ಕೂ ಬಾರಿಸ್ತೀನಿ ಕಣಪ್ಪ. ನಿನ್ನ ಮದ್ವೇಲಿ ನಿನ್ನ ಮೂಗಿನ ಮೇಲೆ ಹಾಡು ಕಟ್ಟಿದ್ದು ನಾನೇ. ಹಲ್ಲು ಕಿಸ್ಕಂಡು ಕೂತಿದ್ದೆ, ಮರ್ತ್ಬುಟ್ಯಾ?"

ಸಭೆಯೆಲ್ಲ ನಕ್ಕಿತು. ನಿರ್ಣಯವೂ ಪಾಸಾಯಿತು.

ಆಮೇಲೆ ಭವನದ ಮದುವೆಗಳಲ್ಲಿ ಖಾಲಾ ಹಾಡಲಿಲ್ಲ, ಹಾಡಿ ಎಂದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಮದುವೆಯಿದ್ದ ದಿನ ತಮ್ಮ ಜಗುಲಿಯಲ್ಲಿ ಒಬ್ಬರೇ ಕೂತು ಬಾರಿಸುತ್ತಿದ್ದರು, ಇಡೀ ಬೀದಿಗೆ ಕೇಳುವ ಹಾಗೆ... ಹೋದ ವರ್ಷ ತೀರಿಕೊಂಡರು. ಅವರ ಹಾಡುಗಳಲ್ಲಿ ಕೆಲವು ಮಾತ್ರ ನಮಗೆ ಬರುತ್ತವೆ. ಉಳಿದವು ಅವರ ಜೊತೆಗೇ ಮಣ್ಣಾದವು.

ಮೊನ್ನೆ ಸಂಜೆ ಅಬ್ಬಾ, "ಕಮಿಟಿ ಪತ್ರ ತಂದ್ಬುಡ್ತೀನಿ, ಒಂದಿನದ ಮಾತು," ಎಂದರು. ತಂಗಿ ನನ್ನ ಕಡೆ ತಿರುಗಿದಳು. "ಆಪಾ, ಹಾಡಿಲ್ದೇ ಇದ್ರೆ ನಂಗೆ ಮೆಹೆಂದೀನೇ ಬೇಡ."

ಮರುದಿನ ಬೆಳಿಗ್ಗೆ ನಾನು ಪಂಚಾಯ್ತಿ ಕಚೇರಿಗೆ ಹೋದೆ. ಮೆಹೆಂದಿಗೆ ಭವನ ಬೇಕು, ಹಾಡು ಇರುತ್ತದೆ ಎಂದೆ. ಕಮಿಟಿ ಪತ್ರ ಎಲ್ಲಿ ಎಂದು ಗುಮಾಸ್ತರು ಕೇಳಿದರು.

"ತಂದಿಲ್ಲ. ಮಸೀದಿ ಕಮಿಟಿ ಒಪ್ಪದೆ ಪಂಚಾಯ್ತಿ ಭವನ ಕೊಡೋದಿಲ್ಲ ಅಂತ ಬರೆದು, ಸಹಿ ಹಾಕಿ ಕೊಡಿ."

ಅವರು ಪೆನ್ನು ಮುಟ್ಟಲಿಲ್ಲ. ನಾನು ಎದುರಿನ ಬೆಂಚಿನ ಮೇಲೆ ಕುಳಿತೆ. ಏಳಲಿಲ್ಲ.