ಸಕ್ಕರೆಯ ಸುಲಗಾಯಿ

ಮೋಡ ಕವಿಯಬಹುದಿತ್ತು. ಮೋಡ ಕವಿದರೆ ಸಕ್ಕರೆ ಹೊದಿಸಿದ ಎಳ್ಳಿಗೆ, ನಮ್ಮ ಕುಸುರೆಳ್ಳಿಗೆ, ಮುಳ್ಳು ಏಳುವುದಿಲ್ಲ, ಎದ್ದ ಮುಳ್ಳೂ ಜಿನುಗಿ ಕೂತುಬಿಡುತ್ತದೆ. ಇರುವೆ ಹತ್ತಬಹುದಿತ್ತು. ಇರುವೆ ತಪ್ಪಿದರೆ ಇಲಿ. ಬಸ್ಸಿನಲ್ಲಿ ಸೀಟು ಸಿಗದೆ ಹುಬ್ಬಳ್ಳಿ ತನಕ ನಿಂತೇ ಹೋಗಬೇಕಾಗಿ, ಯಾರದೋ ಮೊಣಕೈ ಕುಸುರೆಳ್ಳಿನ ಒಡವೆಯ ಡಬ್ಬಿಗೆ ಬಡಿದು ಒಳಗೆಲ್ಲ ಪುಡಿಯಾಗಬಹುದಿತ್ತು. ಸೀಟು ಸಿಕ್ಕರೂ ಬಾಜು ಕೂತವಳು ‘ಏನೈತ್ರಿ ಅದರಾಗ’ ಅಂತ ಕೇಳಿ, ನಾನು ಮುಚ್ಚಳ ತೆಗೆದು, ಅವಳ ಹುಡುಗ ಕೈ ಹಾಕಬಹುದಿತ್ತು. ಹುಬ್ಬಳ್ಳಿಯಲ್ಲಿ ಅಣ್ಣಿಗೇರಿ ಬಸ್ಸೆಂದು ನವಲಗುಂದದ ಬಸ್ಸು ಹತ್ತಬಹುದಿತ್ತು. ಒಡವೆ ಯಾರಿಗಾಗಿ ಮಾಡಿದ್ದೆನೋ ಆ ಕೂಸಿಗೆ ಜ್ವರ ಬಂದಿರಬಹುದಿತ್ತು. ಜ್ವರ ಬರದಿದ್ದರೆ ಹಟ ಹಿಡಿದು ಅಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಮನೆಯ ಟೀಚರ್ ಡಬ್ಬಿಯೊಳಗೆ ಇಣುಕಿ, ‘ಇದೇನ್ರೀ ಇದು’ ಅನ್ನಬಹುದಿತ್ತು.

ಇಷ್ಟನ್ನೂ ಹೊರಡುವ ಹಿಂದಿನ ದಿನ ನಮ್ಮ ಮನೆಯವರ ಮುಂದೆ ಹೇಳಿಕೊಂಡೆ. ಅವರು ಚಹಾ ಕುಡಿಯುತ್ತ ಪೂರ್ತಿ ಕೇಳಿದರು.

‘ಭೂಕಂಪ ಬಿಟ್ಟೀ ನೋಡು,’ ಅಂದರು.

‘ಬಿಟ್ಟಿಲ್ರಿ. ಮನಸಿನ್ಯಾಗ ಇಟ್ಕೊಂಡೀನಿ.’

ನಾನು ಹುಟ್ಟಿದ್ದೇ ಹೀಗೆ. ಕುಬಿಹಾಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಳೆ ಬಂದರೆ ಹತ್ತಿ ಕೆಡತದ ಅನ್ನುವವಳೂ ನಾನೇ, ಬರದಿದ್ದರೆ ಕಡಲೆ ಕೆಡತದ ಅನ್ನುವವಳೂ ನಾನೇ. ಇಂಥವಳು ನಲವತ್ತು ದಾಟಿದ ಮೇಲೆ ಕೈಯಿಂದ ಸರ, ಓಲೆ ಮಾಡುತ್ತೇನೆ ಅಂತ ಹೊರಟಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಸೀರೆಗೆ ಫಾಲ್ ಹಚ್ಚುತ್ತ ಚಿಂತೆ ಮಾಡುವುದಕ್ಕಿಂತ ಮಣಿ ಪೋಣಿಸುತ್ತ ಚಿಂತೆ ಮಾಡಲಿ ಅಂದುಕೊಂಡಿರಬೇಕು.

ಫೋನಿನಲ್ಲಿ ಕಂಡದ್ದನ್ನು ನೋಡಿ ನೋಡಿ ಮಾಡುತ್ತಿದ್ದೆ. ರೇಷ್ಮೆ ದಾರದ ಬಳೆ, ಮಣ್ಣಿನ ಮಣಿಯ ಹಾರ, ಜುಮುಕಿ. ಕುಂದಗೋಳದಲ್ಲಿ ಮಹಿಳಾ ಸಂಘದವರು ಹಾಕಿದ್ದ ಮಳಿಗೆಯಲ್ಲಿ ಒಂದು ಕಾಲೇಜು ಹುಡುಗಿ ನನ್ನ ಹಾರ ಎತ್ತಿಕೊಂಡಳು. ಆಮೇಲೆ ತನ್ನ ಫೋನು ತೆಗೆದು, ಅದರಲ್ಲಿದ್ದ ಒಂದು ಹಾರದ ಚಿತ್ರವನ್ನು ನನ್ನ ಮುಖದ ಮುಂದೆ ಹಿಡಿದಳು. ‘ಆಂಟಿ, ಇದ ಐತಲ್ರಿ ಅದು. ಬಣ್ಣ ಸುದ್ದಾ ಇದ.’ ಬಣ್ಣ ಅಷ್ಟು ಸರಿಯಾಗಿ ಕೂಡಿಸಿದ್ದೇನಲ್ಲ ಎಂದು ನನಗೆ ಮೊದಲು ಹೆಮ್ಮೆಯೇ ಆಯಿತು. ಅವಳು ಹಾರ ಅಲ್ಲೇ ಇಟ್ಟು ಹೋದಳು. ಅವಳು ಹೇಳಿದ್ದು ಹೊಗಳಿಕೆಯಲ್ಲ ಅಂತ ತಿಳಿಯಲು ನನಗೆ ಮನೆಗೆ ಬಂದು ಮುಖ ತೊಳೆಯುವಷ್ಟು ಹೊತ್ತು ಬೇಕಾಯಿತು.

ಆವತ್ತಿನಿಂದ ಫೋನು ನೋಡದೆ ಏನಾದರೂ ಮಾಡಬೇಕೆಂದು ಕೂತೆ. ಕೂತೇ ಇದ್ದೆ. ನನ್ನದು ಅಂತ ಏನೂ ಬರಲಿಲ್ಲ. ಕಣ್ಣು ಮುಚ್ಚಿದರೂ ಆ ಫೋನಿನ ಹಾರಗಳೇ ಸಾಲುಗಟ್ಟುತ್ತಿದ್ದವು.

ಎಳ್ಳಮಾವಾಸ್ಯೆಗೆ ಎಲ್ಲರ ಜೊತೆ ಹೊಲಕ್ಕೆ ಹೋದೆ. ಚರಗ ಚೆಲ್ಲಿ, ಅಂದರೆ ಮಾಡಿಕೊಂಡು ಹೋದ ಅಡುಗೆಯನ್ನು ಮೊದಲು ಭೂಮಿತಾಯಿಗೆ ಬೀರಿ, ಆಮೇಲೆ ನಾವೂ ಉಂಡೆವು. ಕಡಲೆ ಹೊಲ ಕಾಯಿಗಟ್ಟಿತ್ತು. ಕಡಲೆಗಿಡದ ಹಸಿ ಕಾಯಿಗೆ ನಮ್ಮ ಕಡೆ ಸುಲಗಾಯಿ ಅನ್ನುತ್ತೇವೆ. ಸುಲಿಯುತ್ತ, ತಿನ್ನುತ್ತ, ನಗೆಚಾಟಿಕೆ ಮಾಡುತ್ತ ಕಿವಿಗೊಂದೊಂದು ಜೋಡಿ ಸುಲಗಾಯಿ ಸಿಕ್ಕಿಸಿಕೊಂಡಿದ್ದೆ. ಹಾಗೇ ಮರೆತು ಮನೆಗೆ ಬಂದೆ.

ಕಾಲು ನೋವಿಗೆ ಹೊಲಕ್ಕೆ ಬಾರದ ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನೇ ದಿಟ್ಟಿಸಿ ನೋಡಿದರು.

‘ಯಾವಾಗ ಮಾಡ್ದೆವಾ ಇವನ್ನ?’

‘ಯಾವನ್ನರಿ?’

‘ಕಿವ್ಯಾಗಿನವು. ಇಷ್ಟ ದಿನಾ ನೀ ಏನ ತೋರ್ಸಿದ್ರೂ ಛಲೋ ಐತಿ ಅಂದೀನಿ. ಅದು ಸುಳ್ಳು. ಇವು ಖರೇನ ಛಲೋ ಅದಾವು.’

ನಾನು ಕಿವಿ ಮುಟ್ಟಿ ನೋಡಿಕೊಂಡೆ. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಮೊದಲ ನಿಜವಾದ ಮೆಚ್ಚುಗೆ ಅದು, ಅದೂ ಕಡಲೆಗಿಡಕ್ಕೆ ಸೇರಬೇಕಾದದ್ದು. ಒಂದು ಕಾಯಿ ಬಿಚ್ಚಿ ಸುಲಿದು ಅವರ ಕೈಗಿಟ್ಟೆ. ‘ತಿನ್ರಿ ಅತ್ತಿ.’ ಅವರು ತಿಂದರು, ಸ್ವಲ್ಪವೂ ನಾಚದೆ. ‘ಹಂಗಾರ ಇನ್ನ ಮಾಡು,’ ಅಂದರು.

ಮಾಡುವುದಕ್ಕೆ ಒಂದು ನೆಪವೂ ಎದುರಿಗಿತ್ತು. ಫಾಲ್ ಹಚ್ಚಿಸಿಕೊಳ್ಳಲು ನನಗೆ ಸೀರೆ ಕಳಿಸುತ್ತಿದ್ದ ಅಣ್ಣಿಗೇರಿಯ ಟೀಚರ್ ಒಬ್ಬರು ತಮ್ಮ ಮೊಮ್ಮಗನಿಗೆ ಸಂಕ್ರಮಣದಲ್ಲಿ ಕರಿ ಎರೆಯುವವರಿದ್ದರು. ಕೂಸಿಗೆ ಕಪ್ಪು ಅಂಗಿ ಹಾಕಿ, ಮೈತುಂಬ ಕುಸುರೆಳ್ಳಿನ ಒಡವೆ ತೊಡಿಸಿ, ಮಣೆಯ ಮೇಲೆ ಕೂರಿಸಿ, ತಲೆಯ ಮೇಲಿಂದ ಬಾರಿಹಣ್ಣು, ಕಬ್ಬಿನ ಹೋಳು, ಸುಲಗಾಯಿ, ಚುರುಮುರಿ ಸುರಿಯುತ್ತಾರೆ. ‘ಎಲ್ಲಾರೂ ಮಾಡೋ ಹಂಗ ಒಂದು ಕಿರೀಟ, ಒಂದು ಕೊಳಲು, ಒಂದು ಹಾರ ಮಾಡ್ರಿ ಸಾಕು,’ ಅಂದಿದ್ದರು. ಎಲ್ಲರೂ ಮಾಡುವ ಹಾಗೆ ಮಾಡುವುದರಲ್ಲಿ ನನ್ನಷ್ಟು ಪಳಗಿದವರು ಯಾರಿದ್ದಾರೆ.

ಮನೆಯವರಿಗೆ ಹೇಳಿದೆ: ‘ಇದೊಂದು ಸಲ ನನ್ನ ಮನಸಿಗೆ ಬಂದದ್ದು ಮಾಡ್ತೀನಿ. ಅವರು ಒಲ್ಲೆ ಅಂದ್ರ ಈ ಮಣಿ, ದಾರ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕ ಒಗದು, ಫಾಲ್ ಹಚ್ಕೊಂತ ಕುಂದರತೀನಿ.’ ಅವರು ನಗಲಿಲ್ಲ. ನಾನು ಇಂಥ ಮಾತನ್ನು ನಗಿಸಲು ಆಡುವುದಿಲ್ಲವೆಂದು ಅವರಿಗೆ ಗೊತ್ತು.

ಅತ್ತೆ ಕೆಂಡದ ಮೇಲೆ ಅಗಲ ತಟ್ಟೆಯಂಥ ಪರಾತ ಇಟ್ಟು ಎಳ್ಳು ಹಾಕಿದರು. ಚಮಚೆಯಷ್ಟೇ ಪಾಕ ಬಿಟ್ಟು ಬೆರಳಿನಿಂದ ಆಡಿಸುತ್ತ ಹೋಗಬೇಕು. ಒಣಗಿದ ಮೇಲೆ ಮತ್ತೆ ಚಮಚೆಯಷ್ಟು. ಅವಸರ ಮಾಡಿದರೆ ಉಂಡೆಯಾಗುತ್ತದೆ. ನಾನು ಅವಸರ ಮಾಡಿದೆ, ಉಂಡೆಯಾಯಿತು. ‘ನೀ ಆಕಾಶಾ ನೋಡ್ಕೊಂತ ಕುಂಡ್ರು,’ ಅಂತ ಅವರು ಪರಾತವನ್ನು ತಮ್ಮ ಕಡೆ ಎಳೆದುಕೊಂಡರು. ಎರಡನೇ ದಿನ ಬೆಳಗಿನ ಚಳಿಗೆ ಕಾಳಿನ ಮೈತುಂಬ ಸಣ್ಣ ಸಣ್ಣ ಮುಳ್ಳೆದ್ದವು. ಒಂದು ಕಾಳನ್ನು ಬೆರಳ ಮೇಲಿಟ್ಟು ನೋಡಿದೆ, ಪಕ್ಕದಲ್ಲೇ ಒಂದು ಸುಲಗಾಯಿ ಇಟ್ಟೆ. ಸುಲಗಾಯಿಯ ಸಿಪ್ಪೆಯ ಮೇಲೂ ಹಾಗೆಯೇ ನವಿರಾದ ಕೂದಲು, ಮುಂಜಾನೆಯ ಇಬ್ಬನಿ ಕೂತಾಗ ಥೇಟು ಹೀಗೇ ಬೆಳ್ಳಗೆ ಕಾಣುತ್ತದೆ. ಚಿಕ್ಕಂದಿನಿಂದ ತಿನ್ನುತ್ತ ಬಂದಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ.

ಬಿಳಿ ಅರಿವೆಯಲ್ಲಿ ನಮ್ಮ ಹೊಲದ ಹತ್ತಿ ತುಂಬಿ ಉಬ್ಬಿದ ಕಾಯಿ ಹೊಲಿದೆ. ತುದಿಗೆ ಹಸಿರು ದಾರದಿಂದ ಕೊಕ್ಕು ತಿರುವಿದೆ. ಮೈಗೆಲ್ಲ ಮೈದಾ ಅಂಟಿನಿಂದ ಕುಸುರೆಳ್ಳು ಕೂರಿಸಿದೆ, ಮುಳ್ಳು ಮುರಿಯದ ಹಾಗೆ ಚಿಮಟದಿಂದ ಒಂದೊಂದೇ. ಜೋಡಿ ಜೋಡಿಯಾಗಿ ಕಪ್ಪು ದಾರಕ್ಕೆ ಹಾಕಿದಾಗ ಒಂದು ಹಾರವಾಯಿತು, ಉಳಿದದ್ದರಲ್ಲಿ ತಲೆಗೊಂದು ಬಳ್ಳಿಯಾಯಿತು. ಕೂಸಿನ ಕೊರಳಿಗೆ ಒಡವೆ ಅಲ್ಲ, ಹೊಲದ ಒಂದು ಸಾಲು ಎಂಬಂತಿತ್ತು. ಆ ಕೆಲಸ ನಡೆದಷ್ಟು ಹೊತ್ತೂ ನಾನು ಯಾವ ಚಿಂತೆಯನ್ನೂ ಮಾಡಿರಲಿಲ್ಲ ಎಂಬುದು ಮುಗಿದ ಮೇಲೆ ನೆನಪಾಗಿ, ಆರೋಗ್ಯ ಕೆಟ್ಟಿದೆಯೇನೋ ಎಂದು ಚಿಂತೆಯಾಯಿತು.

ನಾನೇನೋ ಧೈರ್ಯದವಳು ಅಂತ ತಿಳಿಯಬೇಡಿ. ಇನ್ನೊಂದು ಡಬ್ಬಿಯಲ್ಲಿ ಕಿರೀಟ, ಕೊಳಲು, ಹಾರವನ್ನೂ ಮಾಡಿ ಇಟ್ಟುಕೊಂಡೇ ಹೊರಟಿದ್ದೆ.

ಸಂಕ್ರಮಣದ ದಿನ ಆಕಾಶ ತಿಳಿಯಾಗಿತ್ತು. ಎರಡೂ ಬಸ್ಸಿನಲ್ಲಿ ನನಗೂ, ಜೊತೆಗೆ ಬಂದ ನಮ್ಮ ಮನೆಯವರಿಗೂ ಸೀಟು ಸಿಕ್ಕಿತು. ಬಾಜು ಕೂತವಳು ಅಣ್ಣಿಗೇರಿ ತನಕ ನಿದ್ದೆ ಮಾಡಿದಳು. ಕೂಸು ನಮ್ಮನ್ನು ನೋಡಿ ನಕ್ಕಿತು. ಟೀಚರ್ ನೀರು, ಬೆಲ್ಲ ಕೊಟ್ಟು, ‘ಎಲ್ಲಿ, ತೋರಸ್ರಿ’ ಅಂದರು. ನನ್ನ ಕೈ ತಾನಾಗಿ ಕಿರೀಟದ ಡಬ್ಬಿಯ ಕಡೆಗೇ ಹೋಯಿತು.

‘ಛಂದ ಆಗೇತಿ,’ ಅಂದರು ಟೀಚರ್, ಒಣ ಬಟ್ಟೆ ಮಡಿಚಿಡುವವರ ದನಿಯಲ್ಲಿ.

‘ಇನ್ನೊಂದು ಡಬ್ಬಿ ಐತ್ರಿ ಅಕ್ಕೋರ,’ ಅಂದರು ನಮ್ಮ ಮನೆಯವರು.

‘ಅದರಾಗ ಏನಿಲ್ರಿ, ಸುಮ್ನ…’

‘ಏನಿಲ್ಲಂದ್ರ ಎರಡು ಬಸ್ಸಿನ್ಯಾಗ ತೊಡಿಮ್ಯಾಲ ಇಟ್ಕೊಂಡ ಬಂದಿ ಯಾಕ? ತೋರ್ಸು.’

ತೋರಿಸಿದೆ. ಟೀಚರ್ ಕನ್ನಡಕ ಏರಿಸಿಕೊಂಡು ನೋಡಿದರು. ಒಂದು ಕಾಯಿ ತಿರುವಿ ನೋಡಿ, ಮತ್ತೆ ಡಬ್ಬಿಯಲ್ಲಿಟ್ಟರು. ನಾನು ಮನಸ್ಸಿನಲ್ಲೇ ಮಣಿಗಳ ಗಂಟು ಕಟ್ಟಿ, ಅಟ್ಟದ ಏಣಿಯ ಅರ್ಧ ಏರಿಬಿಟ್ಟಿದ್ದೆ. ಅಷ್ಟರಲ್ಲಿ ಕೂಸನ್ನು ಎತ್ತಿಕೊಂಡಿದ್ದ ಅವರ ಮಗಳು ಬಗ್ಗಿ ನೋಡಿದಳು.

‘ಅವ್ವಾ, ಸುಲಗಾಯಿ! ಕಿರೀಟ ಬ್ಯಾಡ ಬಿಡು. ಕಿರೀಟ ಎಲ್ಲಾ ಹುಡುಗರ ಫೋಟೋದಾಗೂ ಐತಿ.’

‘ನಾನೂ ಅದನ್ನ ವಿಚಾರ ಮಾಡಾಕತ್ತಿದ್ದೆ,’ ಅಂದರು ಟೀಚರ್. ‘ಬರೇ ತಿನ್ನೂದಾ ಅನ್ಕೊಂಡಿದ್ವಿ ಇದನ್ನ.’

‘ತಿನ್ನಾಕೂ ಬರತದ್ರಿ,’ ಅಂದೆ.

ಹಾರ ಜಾರಬಾರದೆಂದು ಕೂಸಿನ ಹಿಂಗತ್ತಿನಲ್ಲಿ ನಾನೇ ದಾರ ಕಟ್ಟಿದೆ. ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಕರಿ ಎರೆದರು. ಬಾರಿಹಣ್ಣು ಉರುಳಿದವು, ಚುರುಮುರಿ ಕೂದಲಲ್ಲಿ ಸಿಕ್ಕವು, ಹಸಿರು ಸುಲಗಾಯಿಗಳು ಬಿಳಿಯವುಗಳ ಮೇಲೆ ಬಿದ್ದು ಅಲ್ಲೇ ನಿಂತವು. ಒಂದು ಕಾಯಿಯೂ ಕಳಚಲಿಲ್ಲ. ಮುದುಕಿಯೊಬ್ಬರು ಬಗ್ಗಿ ಬಿಳಿಯದನ್ನು ಹಿಸುಕಿ ನೋಡಿ, ‘ಇನ್ನೂ ಎಳೀದೈತಿ’ ಅಂದರು. ಎಲ್ಲರೂ ನಕ್ಕರು, ಕೂಸೂ ನಕ್ಕಿತು. ನಾನು ಗೋಡೆಗೆ ಒರಗಿದೆ.

ಕೆಟ್ಟದ್ದು ಆಮೇಲೆ. ಕೂಸು ಹಾರವನ್ನು ಎಳೆದೆಳೆದು ಹಿಂದಿನ ಗಂಟನ್ನು ಮುಂದಕ್ಕೆ ತಂದುಕೊಂಡಿತ್ತು. ಒಮ್ಮೆ ಸಕ್ಕರೆ, ಒಮ್ಮೆ ಗಂಟು, ಹೀಗೆ ಚೀಪಿ ಚೀಪಿ ತಾಯಿಯ ಹೆಗಲ ಮೇಲೆ ನಿದ್ದೆ ಹೋಯಿತು. ಬಿಚ್ಚಲು ಹೋದರೆ ಗಂಟಿನೊಳಗೆ ಪಾಕ ಇಳಿದು ಕಲ್ಲಾಗಿ ಕೂತಿದೆ. ತಾಯಿಯ ಉಗುರಿಗೆ ಬಗ್ಗಲಿಲ್ಲ, ಟೀಚರ ಸೂಜಿಗೂ ಬಗ್ಗಲಿಲ್ಲ.

‘ಕತ್ರಿ ತರ್ಲೇನ್ರಿ?’ ಅಂದೆ.

‘ಹಬ್ಬದ ದಿನಾ ಕೂಸಿನ ಕೊಳ್ಳಾಗಿಂದು ಕತ್ತರಸ್ತಾರೇನ್ರಿ? ಯಾರು ಇಷ್ಟ ಬಿಗಿದು ಕಟ್ಟಿದವ್ರು?’ ಅಂದರು ಟೀಚರ್.

‘ಇಲ್ಲೇ ಕುಂತಾರ್ರಿ,’ ಅಂದರು ನಮ್ಮ ಮನೆಯವರು. ‘ಹೆದ್ರಿ ಮ್ಯಾಲ ಮ್ಯಾಲ ಗಂಟ ಹಾಕ್ಯಾರ.’

ಬಟ್ಟಲಲ್ಲಿ ಬಿಸಿನೀರು ಬಂತು. ಅರಿವೆಯ ತುದಿ ಅದ್ದಿ ಅದ್ದಿ ಗಂಟಿಗೆ ಒತ್ತುತ್ತ, ಕೂಸು ಎಚ್ಚರಾಗದ ಹಾಗೆ ನಾನು ತಾಯಿಯ ಹೆಗಲಿಗೆ ಮುಖ ಹತ್ತಿಸಿ ಕೂತೆ. ಕೊನೆಗೆ ಹಲ್ಲನ್ನೇ ಹಚ್ಚಬೇಕಾಯಿತು. ಅದೇ ಹೊತ್ತಿಗೆ ಕೂಸಿನ ತಾಯಿ ಮೆಲ್ಲಗೆ ಕೇಳಿದಳು, ‘ಇಂಥಾದ್ದ ಸಕ್ಕರಿ ಬಿಟ್ಟು ಬ್ಯಾರೆದ್ರಾಗ ನನಗ ಕಿವಿಗೆ ಮಾಡಿ ಕೊಡ್ತೀರೇನ್ರಿ? ಇಡೀ ವರ್ಷ ಹಾಕ್ಕೊಳ್ಳೂವಂಥಾದ್ದು?’

ಬಾಯಲ್ಲಿ ದಾರವಿತ್ತು. ‘ಹೂಂ’ ಅಂದೆ. ಗಂಟು ಇನ್ನೂ ಬಿಚ್ಚಿರಲಿಲ್ಲ.